ಮಕ್ಕಳು ಒಬ್ಬರಿಗೊಬ್ಬರು ಕೊಡುವ ಉಡುಗೊರೆಯ ವಿಷಯವಾಗಿ



ಕ್ರಿಸ್‌ಮಸ್ ಹಬ್ಬವು ಸಮೀಪಿಸಿತೆಂದರೆ ನಮ್ಮ ಹಳ್ಳಿಯ ಸಭೆಗಳಲ್ಲಿ ದೊಡ್ಡವರಿಗೆ ನೂರು ಕೆಲಸಗಳು. ದೇವಾಲಯಕ್ಕೆ ಸುಣ್ಣ ಬಳಿಯಬೇಕು, ಬಣ್ಣದ ಕಾಗದ ಕಟ್ಟಬೇಕು, ಹಾಡುಗಳನ್ನು ಕಲಿಸಬೇಕು, ಅಡಿಗೆಯ ಪಾತ್ರೆಗಳನ್ನು ಕೂಡಿಸಬೇಕು. ಇವುಗಳ ನಡುವೆ ಆದಿತ್ಯವಾರದ ಶಾಲೆಯ ಮಕ್ಕಳು ಒಬ್ಬರಿಗೊಬ್ಬರು ಉಡುಗೊರೆ ಕೊಟ್ಟುಕೊಳ್ಳುವ ಪದ್ಧತಿಯೂ ಕೆಲವು ಸಭೆಗಳಲ್ಲಿ ಉಂಟು. ಆಗ ತಾಯಂದಿರು ಬಂದು, ಮಕ್ಕಳ ಕೈಯಲ್ಲಿ ಏನು ಕಳುಹಿಸೋಣ ಎಂದು ಕೇಳುವರು. ಇಂಥ ಪ್ರಶ್ನೆಗೆ ಉತ್ತರ ಹೇಳುವದು ಉಪದೇಶಿಯ ಕೆಲಸವೋ, ಅಂಗಡಿಯವನ ಕೆಲಸವೋ ಎಂದು ನಾನೂ ಒಮ್ಮೆ ನಗುತ್ತಾ ಕೇಳಿದ್ದೆನು. ಈಗ ಹಾಗೆ ನಗಲಾರೆನು. ಯಾಕಂದರೆ ಕೊಡುವದೆಂದರೇನು, ತೆಗೆದುಕೊಳ್ಳುವದೆಂದರೇನು ಎಂಬ ಮೊದಲನೆಯ ಪಾಠವನ್ನು ಮಗುವು ಪ್ರಸಂಗಪೀಠದಿಂದ ಕಲಿಯುವದಿಲ್ಲ, ತನ್ನ ಕೈಗೆ ಬಂದ ಮತ್ತು ತನ್ನ ಕೈಯಿಂದ ಹೋದ ಚಿಕ್ಕ ವಸ್ತುವಿನಿಂದಲೇ ಕಲಿಯುತ್ತದೆ. ಆ ಪಾಠವನ್ನು ನಾನು ಒಂದು ಸಾರಿ ತಪ್ಪಾಗಿ ಕಲಿಸಿದೆನು. ಅದನ್ನು ಮುಚ್ಚಿಡದೆ ಇಲ್ಲಿ ಬರೆಯುತ್ತೇನೆ.

ಮೂರು ವರ್ಷಗಳ ಹಿಂದೆ ಅಂಕಲಗಿಯ ಕಡೆಯ ನಮ್ಮ ಚಿಕ್ಕ ಸಭೆಯಲ್ಲಿ ಆದಿತ್ಯವಾರದ ಶಾಲೆಗೆ ಇಪ್ಪತ್ತಮೂರು ಮಕ್ಕಳು ಬರುತ್ತಿದ್ದರು. ಹಬ್ಬದ ಮುಂಚಿನ ಆದಿತ್ಯವಾರ ನಾನು ಎದ್ದು ನಿಂತು, ಪ್ರತಿಯೊಂದು ಮಗುವೂ ಒಂದು ಮಿಠಾಯಿಯ ಪೊಟ್ಟಣವನ್ನು ತರಬೇಕು, ಹೆಸರಿನ ಚೀಟಿಗಳನ್ನು ಗಡಿಗೆಯಲ್ಲಿ ಹಾಕಿ ಎತ್ತೋಣ, ಯಾರ ಚೀಟಿ ಬರುವದೋ ಅವರಿಗೆ ತಂದದ್ದನ್ನು ಕೊಡಬೇಕು ಎಂದು ಹೇಳಿದೆನು. ಎಲ್ಲರಿಗೂ ಸಂತೋಷವಾಯಿತೆಂದು ತಿಳಿದೆನು. ಹಬ್ಬದ ದಿನ ಮೇಜಿನ ಮೇಲೆ ಪೊಟ್ಟಣಗಳು ಬಂದು ಕೂತವು. ಒಂದು ಮನೆಯಿಂದ ಗೋಕಾಕದ ತುಪ್ಪದ ಕರದಂಟು, ಅಂಗಡಿಯ ಹೆಸರು ಅಚ್ಚಾದ ಡಬ್ಬಿಯಲ್ಲಿ. ಇನ್ನೊಂದು ಮನೆಯಿಂದ ಬೆಳಗಾವಿಯ ಕುಂದಾ. ಕೆಲವರಿಂದ ಹೊಳೆಯುವ ಕಾಗದದ ಚಾಕಲೇಟು. ಉಳಿದವರಿಂದ ರದ್ದಿ ಕಾಗದದಲ್ಲಿ ಕಟ್ಟಿದ ಪೆಪ್ಪರಮಿಂಟು. ಚೀಟಿ ಎತ್ತುವದಕ್ಕೆ ಮುಂಚೆಯೇ ಮಕ್ಕಳ ಕಣ್ಣುಗಳು ಆ ಮೇಜಿನ ಮೇಲೆ ಇಡೀ ಊರಿನ ಆಸ್ತಿಪಾಸ್ತಿಯನ್ನು ಅಳೆದು ಮುಗಿಸಿದ್ದವು. ಪೆಪ್ಪರಮಿಂಟು ಬಂದ ಹುಡುಗನು ಪಕ್ಕದವನ ಡಬ್ಬಿಯನ್ನು ನೋಡಿ ಅತ್ತನು. ಅದನ್ನು ತಂದ ಹುಡುಗನು ಅಳಲಿಲ್ಲ, ತಲೆ ತಗ್ಗಿಸಿದನು. ಆ ಎರಡನೆಯವನ ಮುಖವೇ ನನಗೆ ಹೆಚ್ಚಾಗಿ ನೆನಪಿದೆ. ಪೊಟ್ಟಣಗಳನ್ನು ಎಣಿಸಿದರೆ ಇಪ್ಪತ್ತೆರಡು ಮಾತ್ರ ಇದ್ದವು. ಒಂಬತ್ತು ವರ್ಷದ ಒಬ್ಬ ಹುಡುಗಿ ಬಂದಿರಲಿಲ್ಲ.

ಮರುದಿನ ಅವಳ ಮನೆಗೆ ಹೋದೆನು. ತಂದೆತಾಯಿಗಳು ಕಬ್ಬು ಕಡಿಯುವ ಗುಂಪಿನ ಸಂಗಡ ಹೊರಗೆ ಹೋಗಿದ್ದರು. ಮನೆಯಲ್ಲಿ ಅಜ್ಜಿಯೂ ಹುಡುಗಿಯೂ ಇಬ್ಬರೇ. ಹುಡುಗಿಗೆ ಮೈಯಲ್ಲಿ ಹುಷಾರಿಲ್ಲವೇನು ಎಂದು ಕೇಳಿದ್ದಕ್ಕೆ ಆ ಮುದುಕಿ, "ಜಡ್ಡಿಲ್ರಿ ಅಯ್ಯನವರ. ಎಲ್ಲಾರೂ ಪುಡಿಕಿ ತರ್ತಾರ, ನಾ ಬರೇ ಕೈಲೆ ಹೆಂಗ ಹೋಗ್ಲಿ ಅಂತ ಒಳಗ ಕುಂತತ್ರಿ," ಅಂದಳು. ಸಕ್ಕರೆಯ ಕಾರ್ಖಾನೆಗೆ ಕಬ್ಬು ಕಡಿದು ಹಾಕುವವರ ಮನೆಯಲ್ಲಿ ಒಂದು ಹಿಡಿ ಮಿಠಾಯಿ ಇರಲಿಲ್ಲ. ನಾನು, "ಆಯಿ, ಮೊದಲೇ ಹೇಳಿದ್ದರೆ ನಾನೇ ಒಂದು ಪೊಟ್ಟಣ ಕೊಂಡು ಮಗಳ ಕೈಯಲ್ಲಿ ಕೊಡುತ್ತಿದ್ದೆನಲ್ಲಾ," ಅಂದೆನು. ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಆಗ ಒಂದೇ ಮಾತು ಆಡಿದಳು: "ಅದು ನಿಮ್ಮದಾಗತೈತ್ರಿ, ನಂದಲ್ಲ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ದಾರಿಯುದ್ದಕ್ಕೂ ಅರಸನಾದ ದಾವೀದನ ಚರಿತ್ರೆಯು ನನ್ನ ಮನಸ್ಸಿನಲ್ಲಿ ತಿರುಗುತ್ತಿತ್ತು. ಅರೌನನು ತನ್ನ ಕಣವನ್ನೂ ಎತ್ತುಗಳನ್ನೂ ಸುಮ್ಮನೆ ಕೊಡುತ್ತೇನೆಂದಾಗ ದಾವೀದನು, ತನಗೆ ಏನೂ ಖರ್ಚಾಗದ ಕಾಣಿಕೆಯನ್ನು ದೇವರಿಗೆ ಅರ್ಪಿಸಲಾರೆನೆಂದು ಹೇಳಿ ಬೆಲೆ ಕೊಟ್ಟು ಕೊಂಡನು. ಅರಸನಿಗೆ ತಿಳಿದ ಆ ಸತ್ಯವು ಈ ಕೂಲಿಯವರ ಕೂಸಿಗೂ ತಿಳಿದಿತ್ತು, ಸೆಮಿನರಿಯಲ್ಲಿ ಓದಿದ ಉಪದೇಶಿಗೆ ಮರೆತುಹೋಗಿತ್ತು. ತೆಗೆದುಕೊಳ್ಳುವವನಿಗಿಂತ ಕೊಡುವವನು ಹೆಚ್ಚು ಧನ್ಯನೆಂಬ ಕರ್ತನ ಮಾತನ್ನು ಅಪೊಸ್ತಲನಾದ ಪೌಲನು ಎಫೆಸದ ಹಿರಿಯರಿಗೆ ನೆನಪು ಮಾಡಿಕೊಟ್ಟನು. ಈ ಮಾತನ್ನು ನಾವು ಉಳ್ಳವರಿಗೇ ಹೇಳುವ ವಾಡಿಕೆಯುಂಟು: ಕೊಡಿರಿ, ಕೊಡಿರಿ ಎಂದು. ಆದರೆ ಈ ಮಾತು ನಿಜವಾದರೆ ಅದರಿಂದ ಇನ್ನೊಂದು ಸಂಗತಿ ಹುಟ್ಟುತ್ತದೆ. ಕೊಡುವದೇ ಹೆಚ್ಚಿನ ಭಾಗ್ಯವಾದಲ್ಲಿ, ಬಡವನನ್ನು ಯಾವಾಗಲೂ ತೆಗೆದುಕೊಳ್ಳುವವನನ್ನಾಗಿಯೇ ಕೂಡ್ರಿಸುವದು ಅವನಿಂದ ಆ ಹೆಚ್ಚಿನ ಭಾಗ್ಯವನ್ನು ಕಸಿದುಕೊಂಡ ಹಾಗಲ್ಲವೇ? ನಾವು ದಯೆಯಿಂದ ಅವನ ಕೈಯನ್ನು ತುಂಬುತ್ತೇವೆ, ಅವನ ಕೈ ಚಾಚಿಯೇ ಇರುವಂತೆಯೂ ಮಾಡುತ್ತೇವೆ.

ಕೊರಿಂಥದ ಸಭೆಯಲ್ಲಿ ನಡೆದದ್ದು ಇದಕ್ಕೆ ಬಹಳ ದೂರವಲ್ಲ. ಅಲ್ಲಿಯ ವಿಶ್ವಾಸಿಗಳು ಒಂದೇ ಸ್ಥಳದಲ್ಲಿ ಊಟಕ್ಕೆ ಕೂಡುತ್ತಿದ್ದರು. ಆದರೆ ಪ್ರತಿಯೊಬ್ಬನು ತಾನು ತಂದದ್ದನ್ನು ತಾನೇ ಮುಂದಾಗಿ ಉಣ್ಣುತ್ತಿದ್ದನು. ಒಬ್ಬನು ಹಸಿದು ಕೂಡುವನು, ಮತ್ತೊಬ್ಬನು ಕುಡಿದು ಅಮಲೇರುವನು. ಪೌಲನು ಅವರಿಗೆ ಬರೆದ ಮೊದಲನೆಯ ಪತ್ರಿಕೆಯ ಹನ್ನೊಂದನೆಯ ಅಧ್ಯಾಯವನ್ನು ಓದಿ ನೋಡಿರಿ. ಅಲ್ಲಿ ಅವನು ಊಟವನ್ನು ಖಂಡಿಸುವದಿಲ್ಲ. ಏನೂ ಇಲ್ಲದವರನ್ನು ದೇವರ ಸಭೆಯಲ್ಲಿಯೇ ನಾಚಿಕೆಪಡಿಸಿದ್ದನ್ನು ಖಂಡಿಸುತ್ತಾನೆ. ಆ ಅಧ್ಯಾಯವನ್ನು ನಾನು ಎಷ್ಟೋ ಸಾರಿ ಕರ್ತನ ಭೋಜನದ ಮುಂಚೆ ಓದಿದ್ದೆನು. ನನ್ನ ಮಿಠಾಯಿಯ ಮೇಜಿಗೂ ಅದು ಸಲ್ಲುವದೆಂದು ಒಂದು ದಿನವೂ ತೋಚಿರಲಿಲ್ಲ.

ಹಾಗಾದರೆ ಸಿಹಿ ತಿನ್ನುವದು ಪಾಪವೋ? ಅಲ್ಲವೇ ಅಲ್ಲ. ನೆಹೆಮೀಯನ ಕಾಲದಲ್ಲಿ ಜನರು ಧರ್ಮಶಾಸ್ತ್ರವನ್ನು ಕೇಳಿ ಅಳುತ್ತಿದ್ದಾಗ, ಅಳಬೇಡಿರಿ, ಮೃಷ್ಟಾನ್ನ ಉಂಡು ಸಿಹಿಯಾದದ್ದನ್ನು ಕುಡಿಯಿರಿ, ಏನೂ ಸಿದ್ಧಮಾಡಿಕೊಳ್ಳದವರಿಗೂ ಪಾಲು ಕಳುಹಿಸಿರಿ ಎಂದು ಅವರಿಗೆ ಅಪ್ಪಣೆಯಾಯಿತು. ನಮ್ಮ ಗೋಕಾಕದ ಕರದಂಟನ್ನು ತೆಗೆಳಿದರೆ ಈ ಸೀಮೆಯಲ್ಲಿ ಯಾರು ಸಹಿಸುವರು? ಕರಿದ ಅಂಟು, ಬೆಲ್ಲ, ಕೊಬ್ಬರಿ, ಉತ್ತತ್ತಿ, ಗೋಡಂಬಿ ಇವುಗಳನ್ನು ಕೂಡಿಸಿ ಮಾಡುವ ಈ ತಿನಿಸು ಬಾಣಂತಿಗೆ ಬಲವನ್ನೂ ಬೀಗರಿಗೆ ಸಂತೋಷವನ್ನೂ ಕೊಡುವಂಥದು. ದೇವರು ಕಬ್ಬಿನಲ್ಲಿ ಸಿಹಿಯನ್ನು ಇಟ್ಟದ್ದು ವ್ಯರ್ಥವಾಗಿ ಅಲ್ಲ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಒಂದೇ ಪಾತ್ರೆಯಿಂದ ಹುಗ್ಗಿಯನ್ನು ಬಡಿಸಿಕೊಂಡು ಉಣ್ಣುವಲ್ಲಿ ಯಾರಿಗೂ ನಾಚಿಕೆಯಿಲ್ಲ. ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಉಡುಗೊರೆಯಾಗಿ ಮಿಠಾಯಿಯು ತಕ್ಕದ್ದೋ ಎಂಬದೇ ಇಲ್ಲಿಯ ಪ್ರಶ್ನೆ.

ತಕ್ಕದ್ದಲ್ಲವೆಂದು ನನಗೆ ತೋರುವದಕ್ಕೆ ಕಾರಣಗಳಿವೆ. ಮೊದಲನೆಯದಾಗಿ, ಮಿಠಾಯಿಯ ಬೆಲೆಯು ಅದರ ಮೈಮೇಲೆಯೇ ಬರೆದಿದೆ. ಯಾವ ಅಂಗಡಿಯದು, ಎಷ್ಟು ತೂಕದ್ದು, ತುಪ್ಪದ್ದೋ ಎಣ್ಣೆಯದೋ ಎಂಬದನ್ನು ಐದು ವರ್ಷದ ಕೂಸು ಸಹ ಹೇಳಬಲ್ಲದು. ಅದರಲ್ಲಿ ಕೊಡುವವನ ಹಣವಿದೆ, ಕೊಡುವವನು ಮಾತ್ರ ಇಲ್ಲ. ಎರಡನೆಯದಾಗಿ, ಅದು ಬಾಯಿಯಲ್ಲಿ ಕರಗಿದೊಡನೆ ತೀರಿಹೋಗುತ್ತದೆ. ಸಾಯಂಕಾಲಕ್ಕೆ ಕೊಟ್ಟವನ ಹೆಸರೂ ನೆನಪಿರುವದಿಲ್ಲ. ಮೂರನೆಯದಾಗಿ, ದೇಹಕ್ಕೂ ಅದು ಎಲ್ಲಾ ಕಾಲದಲ್ಲಿ ಹಿತವಲ್ಲ. ದಿನದ ಆಹಾರದಿಂದ ಬರುವ ಒಟ್ಟು ಶಕ್ತಿಯಲ್ಲಿ ಬೆರಸಿದ ಸಕ್ಕರೆ ಮೊದಲಾದವುಗಳ ಪಾಲು ನೂರಕ್ಕೆ 10ಕ್ಕಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿತು. ಬೆಲ್ಲವೂ ಈ ಲೆಕ್ಕದ ಹೊರಗಿನದಲ್ಲ. ಹಲ್ಲು ಹುಳುಕಾದ ಮಕ್ಕಳು ನಮ್ಮ ಸಭೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ಅವರು ಬಾಯಿ ತೆರೆದು ಹಾಡುವಾಗಲೇ ಕಾಣುತ್ತದೆ. ಮಧುಮೇಹವುಳ್ಳ ಚಿಕ್ಕ ಮಕ್ಕಳೂ ಉಂಟು. ಎಲ್ಲರೂ ಪೊಟ್ಟಣ ಬಿಚ್ಚುವಾಗ ಅಂಥ ಮಗುವು ತನ್ನ ಪಾಲನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತಿರಬೇಕು.

ಈ ಕಷ್ಟವು ನಮ್ಮದು ಮಾತ್ರವೇ ಅಲ್ಲ. ಅಮೇರಿಕ ದೇಶದ ಚಿಕ್ಕ ಮಕ್ಕಳ ಶಾಲೆಗಳಲ್ಲಿ ಫೆಬ್ರವರಿ 14ನೆಯ ತಾರೀಖು, ವ್ಯಾಲೆಂಟೈನನೆಂಬ ಪುರಾತನ ರಕ್ತಸಾಕ್ಷಿಯ ಹೆಸರಿನ ದಿನದಲ್ಲಿ, ತರಗತಿಯ ಮಕ್ಕಳು ಒಬ್ಬರಿಗೊಬ್ಬರು ಸ್ನೇಹದ ಚೀಟಿಗಳನ್ನೂ ಮಿಠಾಯಿಯನ್ನೂ ಕೊಡುವ ವಾಡಿಕೆಯುಂಟು. ಆ ದಿನವನ್ನು ನಾವು ಆಚರಿಸಬೇಕೆಂದು ನಾನು ಹೇಳುವದಿಲ್ಲ. ಆ ಸಾಕ್ಷಿಯ ವಿಷಯವಾಗಿ ನಿಶ್ಚಯವಾಗಿ ತಿಳಿದದ್ದೂ ಸ್ವಲ್ಪವೇ. ಆದರೆ ಅಲ್ಲಿಯ ಅನೇಕ ಉಪಾಧ್ಯಾಯರು ಇಟ್ಟುಕೊಂಡ ಒಂದು ಕಟ್ಟಳೆಯು ಕಲಿಯತಕ್ಕದ್ದಾಗಿದೆ. ತರುವ ಮಗುವು ತರಗತಿಯಲ್ಲಿರುವ ಎಲ್ಲರಿಗೂ ತರಬೇಕು, ಇಷ್ಟವಾದ ನಾಲ್ವರಿಗೆ ಮಾತ್ರ ತರಬಾರದು ಎಂಬದೇ ಆ ಕಟ್ಟಳೆ. ಯಾವ ಮಗುವೂ ಬರೀ ಕೈಯಲ್ಲಿ ಮನೆಗೆ ಹೋಗಬಾರದೆಂಬದೇ ಅದರ ಉದ್ದೇಶ. ಇದಲ್ಲದೆ ಕೆಲವು ಮಕ್ಕಳಿಗೆ ಶೇಂಗಾ ಮೊದಲಾದ ಪದಾರ್ಥಗಳು ವಿಷದಂತೆ ಆಗುವದರಿಂದಲೂ ಸಕ್ಕರೆಯ ಕೆಡುಕಿನಿಂದಲೂ, ಅನೇಕ ಶಾಲೆಗಳವರು ಈಗ ತಿನಿಸನ್ನು ಬಿಟ್ಟು ಪೆನ್ಸಿಲು, ಚಿಕ್ಕ ಆಟಿಗೆ, ಚಿತ್ರ ಇಂಥವುಗಳನ್ನು ತರಬೇಕೆಂದು ಪಾಲಕರಿಗೆ ಹೇಳುತ್ತಾರೆ.

ನಾಲ್ಕನೆಯ ಕಾರಣವು ಇವೆಲ್ಲವುಗಳಿಗಿಂತ ದೊಡ್ಡದು. ಮಿಠಾಯಿಯನ್ನು ಒಬ್ಬನೇ ತಿನ್ನಬಹುದು. ಮೂಲೆಗೆ ಹೋಗಿ ತಿಂದರೆ ಇನ್ನೂ ರುಚಿ ಎಂದು ಮಕ್ಕಳಿಗೆ ಗೊತ್ತು. ಆಟಿಗೆಯಾದರೋ ಜೊತೆಗಾರನನ್ನು ಕರೆಯುತ್ತದೆ. ಚೆಂಡು ಒಬ್ಬನ ಕೈಯಲ್ಲಿದ್ದರೆ ಅದು ಬರಿಯ ಉಂಡೆ; ಇಬ್ಬರ ನಡುವೆ ಹೋದರೆ ಮಾತ್ರ ಚೆಂಡು. ಪ್ರವಾದಿಯಾದ ಜೆಕರ್ಯನು ದೇವರು ಯೆರೂಸಲೇಮಿಗೆ ತಿರುಗಿ ಕೊಡುವ ಸೌಖ್ಯವನ್ನು ವರ್ಣಿಸುವಾಗ, ಕೋಲು ಹಿಡಿದ ಮುದುಕರು ಬೀದಿಯಲ್ಲಿ ಕೂತಿರುವದನ್ನೂ ಅದೇ ಬೀದಿಯ ತುಂಬ ಹುಡುಗ ಹುಡುಗಿಯರು ಆಡುತ್ತಿರುವದನ್ನೂ ಹೇಳುತ್ತಾನೆ. ಆಟವು ದೇವರ ಪಟ್ಟಣದ ಗುರುತುಗಳಲ್ಲೊಂದು. ಹೀಗಿರಲಾಗಿ ಆಟವು ಸೋಮಾರಿತನವೆಂದು ಮಕ್ಕಳನ್ನು ಗದರಿಸುವ ನಾವು ಸ್ವಲ್ಪ ವಿಚಾರಿಸಿಕೊಳ್ಳಬೇಕಾಗಿದೆ.

ಆಟಿಗೆಯನ್ನು ಹುಡುಕಿಕೊಂಡು ನಾವು ದೂರ ದೇಶಕ್ಕೆ ಹೋಗಬೇಕಾಗಿಲ್ಲ. ಗೋಕಾಕವು ಘಟಪ್ರಭೆಯ ಜಲಪಾತಕ್ಕೂ ಕರದಂಟಿಗೂ ಹೆಸರಾದಂತೆ ಆಟಿಗೆಗಳಿಗೂ ಹೆಸರಾದ ಊರು. ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿಯೂ ಅದರ ಮಾತು ಬಂದಿದೆ. ಹಗುರವಾದ ಮರವನ್ನು ಕೆತ್ತಿ, ಸಂದುಗಳನ್ನು ಮುಚ್ಚಿ, ಬಿಳಿಯ ಲೇಪ ಕೊಟ್ಟು, ಒಣಗಿಸಿ, ಅದರ ಮೇಲೆ ಬಣ್ಣ ತುಂಬಿ ಅಲ್ಲಿಯ ಕುಶಲಗಾರರು ಮನುಷ್ಯರ ಮತ್ತು ಪ್ರಾಣಿಗಳ ಗೊಂಬೆಗಳನ್ನೂ, ಬಾಳೆ, ಮಾವು, ಸೀತಾಫಲ, ಬದನೆ, ಮೆಣಸಿನಕಾಯಿಗಳನ್ನೂ ಮಾಡುತ್ತಾ ಬಂದರು. ದೂರದಿಂದ ನೋಡಿದವನು ಹಣ್ಣೆಂದೇ ಕೈ ಚಾಚುವನು. ದಕ್ಷಿಣದಲ್ಲಿ ಚನ್ನಪಟ್ಟಣದವರು ಆಲೆಯ ಮರವನ್ನು ಚರಕಿಗೆ ಕೊಟ್ಟು ತಿರುಗಿಸಿ ಅರಗಿನ ಬಣ್ಣ ಹಚ್ಚುವರು. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿಯೂ ಚಿತ್ರಗಾರರ ಮನೆತನಗಳು ಗೊಂಬೆಯ ಕೆಲಸವನ್ನು ಉಳಿಸಿಕೊಂಡಿವೆ. ಆದರೆ ಯಂತ್ರದಲ್ಲಿ ಅಚ್ಚು ಹಾಕಿದ ಪ್ಲಾಸ್ಟಿಕ್ ಸಾಮಾನು ಅಗ್ಗವಾಗಿ ಬಂದ ಮೇಲೆ ಕೈಕೆಲಸದವರಿಗೆ ಗಿರಾಕಿಗಳು ಕಡಿಮೆಯಾದರು. ಕೂಲಿಗೆ ತಕ್ಕ ಬೆಲೆ ಕೊಟ್ಟು ಸಭೆಯವರು ಒಟ್ಟಾಗಿ ಇಂಥ ಆಟಿಗೆಗಳನ್ನು ಕೊಂಡರೆ ನೆರೆಯವನ ಕೈಕೆಲಸಕ್ಕೆ ಅನ್ನ ದೊರೆಯುವದು.

ಇಲ್ಲಿ ಕೆಲವು ಹಿರಿಯರಿಗೆ ಒಂದು ಸಂದೇಹ ಬರುತ್ತದೆ. "ನಾವು ವಿಗ್ರಹಗಳನ್ನು ಬಿಟ್ಟು ಬಂದವರು, ಗೊಂಬೆಯನ್ನು ತಿರುಗಿ ಮನೆಗೆ ತರುವದು ಹೇಗೆ?" ಎಂದು ಅವರು ಕೇಳುವರು. ಈ ಸಂದೇಹವನ್ನು ನಾನು ಹಗುರವಾಗಿ ಎಣಿಸುವದಿಲ್ಲ. ಅದನ್ನು ಕೇಳುವವರ ಹಿರಿಯರು ವಿಶ್ವಾಸಕ್ಕಾಗಿ ಬೆಲೆ ಕೊಟ್ಟವರು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ನೆರೆಹೊರೆಯ ಮಕ್ಕಳು ಕೆರೆಯ ಮಣ್ಣಿನಿಂದ ಎತ್ತುಗಳನ್ನು ಮಾಡಿ ಪೂಜೆಗೆ ಇಡುವಾಗ ನಮ್ಮ ಮಕ್ಕಳೂ ಹತ್ತಿರ ಕೂತು ಮಣ್ಣು ಕಲಸಿದರೆ ಎಷ್ಟೋ ತಾಯಂದಿರು ಕೈ ಹಿಡಿದು ಎಳೆದುಕೊಂಡು ಬರುವರು. ಆದರೆ ಪಾಪವು ಮಣ್ಣಿನಲ್ಲಿ ಇಲ್ಲ, ಎತ್ತಿನ ಆಕಾರದಲ್ಲಿಯೂ ಇಲ್ಲ. ದೇವರಿಗೆ ಸಲ್ಲತಕ್ಕ ಭಕ್ತಿಯನ್ನು ಸೃಷ್ಟಿಗೆ ಸಲ್ಲಿಸುವದರಲ್ಲಿ ಇದೆ. ಸೊಲೊಮೋನನ ದೇವಾಲಯದ ತಾಮ್ರದ ಸಮುದ್ರವು ಹನ್ನೆರಡು ಎತ್ತುಗಳ ಆಕಾರದ ಮೇಲೆ ನಿಂತಿತ್ತು. ಅವುಗಳನ್ನು ಯಾರೂ ಪೂಜಿಸಲಿಲ್ಲ. ಅರಣ್ಯದಲ್ಲಿ ಆರೋನನು ಮಾಡಿದ ಕರುವಾದರೋ ಪೂಜೆಗಾಗಿಯೇ ಆಗಿತ್ತು. ಆಡುವ ಮಗುವು ತನ್ನ ಮಣ್ಣಿನ ಎತ್ತಿಗೆ ಕೈ ಮುಗಿಯುವದಿಲ್ಲ. ಅದಕ್ಕೆ ಹಗ್ಗ ಕಟ್ಟಿ ಎಳೆಯುತ್ತದೆ, ಬೈಯುತ್ತದೆ, ಕೊಂಬು ಮುರಿದರೆ ಅಂಟಿಸುತ್ತದೆ. ಆದಾಗ್ಯೂ ಬಲಹೀನ ಮನಸ್ಸಾಕ್ಷಿಯುಳ್ಳ ಸಹೋದರನಿಗೆ ಎಡವುಗಲ್ಲಾಗಬಾರದೆಂದು ಅಪೊಸ್ತಲನು ಹೇಳಿದ್ದರಿಂದ ದೇವತೆಗಳ ಆಕಾರದ ಗೊಂಬೆಗಳನ್ನು ಬಿಟ್ಟು ಹಣ್ಣು, ಹಕ್ಕಿ, ಚಕ್ಕಡಿ, ಬುಗುರಿ ಇವುಗಳನ್ನು ಆರಿಸಿಕೊಂಡರೆ ಸಾಕು. ಯಾರ ಮನಸ್ಸಿಗೂ ನೋವಿಲ್ಲ.

ಜರ್ಮನಿಯಲ್ಲಿ ಫ್ರೀಡ್ರಿಕ್ ಫ್ರೋಬೆಲನೆಂಬ ಒಬ್ಬ ಉಪಾಧ್ಯಾಯನಿದ್ದನು. ಅವನು 1782ರಲ್ಲಿ ಒಬ್ಬ ಲುಥೇರನ್ ಪಾದ್ರಿಯ ಮಗನಾಗಿ ಹುಟ್ಟಿದವನು. ಎಳೆಯ ಮಕ್ಕಳ ಶಾಲೆಗೆ ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ಕೊಟ್ಟವನೂ ಅವನೇ. 1837ರಲ್ಲಿ ಅವನು ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಎಳೆಯರಿಗಾಗಿ ಆಟದ ಸಾಮಾನುಗಳನ್ನು ಮಾಡಿಸಹತ್ತಿದನು. ಅವುಗಳಿಗೆ ಅವನು ಇಟ್ಟ ಹೆಸರು "ಉಡುಗೊರೆಗಳು" ಎಂಬದೇ. ಮೊದಲನೆಯ ಉಡುಗೊರೆಯು ನೂಲಿನಿಂದ ಹೆಣೆದ ಬಣ್ಣಬಣ್ಣದ ಆರು ಮೆತ್ತಗಿನ ಚೆಂಡುಗಳು. ಎರಡನೆಯದು ಮರದ ಗುಂಡು, ಉರುಳೆ, ಚೌಕಟ್ಟಾದ ತುಂಡು. ಮೂರನೆಯದು ಒಂದು ದೊಡ್ಡ ಚೌಕವಾಗಿ ಕೂಡುವ ಎಂಟು ಚಿಕ್ಕ ಚೌಕಗಳು. ಇಷ್ಟರಲ್ಲಿಯೇ ಮಗುವು ಮನೆ ಕಟ್ಟುವದು, ಕೆಡವುವದು, ಎಣಿಸುವದು. ತಾನೂ ಏನನ್ನಾದರೂ ಉಂಟುಮಾಡಬಲ್ಲೆನೆಂದು ಆಗ ಅದಕ್ಕೆ ತಿಳಿಯುತ್ತದೆ; ತನ್ನ ಸೃಷ್ಟಿಕರ್ತನ ಗುರುತು ತನ್ನ ಕೈಯಲ್ಲಿಯೂ ಇದೆಯೆಂದು ಅದು ಕಾಣುವದು. ಗಮನಿಸಿರಿ: ಇವುಗಳಲ್ಲಿ ಬಡ ತಾಯಿಯ ಕೈಗೆ ಎಟಕದ ವಸ್ತುವು ಒಂದೂ ಇಲ್ಲ. ಹಳೆಯ ಸೀರೆಯ ಚೂರು, ದಾರ, ಬಡಿಗನ ಮನೆಯಲ್ಲಿ ಬಿದ್ದ ಮರದ ತುಂಡು ಇದ್ದರೆ ಆಯಿತು.

ಆದರೆ ಆಟಿಗೆಯನ್ನು ತಂದ ಮಾತ್ರಕ್ಕೆ ನ್ಯಾಯವು ತಾನಾಗಿ ಬರುವದಿಲ್ಲ. ಮಿಠಾಯಿಯ ಡಬ್ಬಿಯ ಸ್ಥಳದಲ್ಲಿ ಬ್ಯಾಟರಿಯ ಮೋಟಾರು ಬಂದು ಕೂತರೆ ಅದೇ ನಾಚಿಕೆಯು ಇನ್ನೂ ಹೆಚ್ಚು ದಿನ ಬಾಳುವದು. ಮಿಠಾಯಿಯಾದರೂ ಸಾಯಂಕಾಲಕ್ಕೆ ತೀರುತ್ತಿತ್ತು. ಯಾಕೋಬನು ಯೋಸೇಫನೊಬ್ಬನಿಗೆ ಮಾಡಿಸಿದ ವಿಶೇಷ ನಿಲುವಂಗಿಯು ಪ್ರೀತಿಯ ಉಡುಗೊರೆಯೇ ಆಗಿತ್ತು. ಆದರೂ ಹತ್ತು ಮಂದಿ ಅಣ್ಣಂದಿರು ದಿನಾಲೂ ಅದನ್ನು ನೋಡಬೇಕಾಯಿತು. ಕಡೆಗೆ ಅದೇ ನಿಲುವಂಗಿಯು ಆಡಿನ ರಕ್ತದಲ್ಲಿ ಅದ್ದಲ್ಪಟ್ಟು ತಂದೆಯ ಮುಂದೆ ಬಂತು. ಆದದರಿಂದ ವಸ್ತು ಯಾವದೆಂಬದು ಅರ್ಧ ಪ್ರಶ್ನೆ ಮಾತ್ರ. ತರಗತಿಯಲ್ಲಿ ಎಲ್ಲರಿಗಿಂತ ಬಡವನಾದ ಮಗುವು ಅದನ್ನು ತಲೆಯೆತ್ತಿ ತೆಗೆದುಕೊಳ್ಳಬಲ್ಲದೋ, ತಲೆಯೆತ್ತಿ ಕೊಡಲೂ ಬಲ್ಲದೋ? ಈ ಅಳತೆಗೆ ಸರಿಹೋದದ್ದೇ ಒಳ್ಳೆಯ ಉಡುಗೊರೆ.

ಈ ಅಳತೆಯನ್ನು ನಮ್ಮ ನಾಡು ತಿಳಿಯದ್ದಲ್ಲ. ದಸರೆಯ ಕಾಲದಲ್ಲಿ ನಮ್ಮ ನೆರೆಯವರು ಬನ್ನಿಯ ಎಲೆಯನ್ನು ಬಂಗಾರವೆಂದು ಕರೆದು ಒಬ್ಬರಿಗೊಬ್ಬರು ಕೊಡುವದನ್ನು ನೀವೆಲ್ಲರೂ ನೋಡಿದ್ದೀರಿ. ಆ ಹಬ್ಬದ ಪೂಜೆಯು ನಮ್ಮದಲ್ಲ. ಆದರೆ ಆಳು ಗೌಡನಿಗೆ ಎಲೆ ಕೊಡುತ್ತಾನೆ, ಗೌಡನು ಆಳಿಗೆ ಎಲೆ ಕೊಡುತ್ತಾನೆ; ಎರಡೂ ಒಂದೇ ಗಿಡದ ಎಲೆಗಳು; ಯಾರದು ದೊಡ್ಡದೆಂದು ಯಾರೂ ತೂಗಿ ನೋಡುವದಿಲ್ಲ. ಆ ದಿನ ವರ್ಷವೆಲ್ಲಾ ಮಾತಾಡದವರೂ ಮಾತಾಡುವರು. ಒಳ್ಳೆಯದನ್ನು ನೆರೆಯವನಲ್ಲಿ ಕಂಡರೆ ಒಪ್ಪಿಕೊಳ್ಳುವದು ಸತ್ಯವಂತನ ಲಕ್ಷಣ. ಕ್ರಿಸ್ತನ ಹೆಸರಿನಲ್ಲಿ ಕೂಡುವ ನಮ್ಮ ಮಕ್ಕಳ ಮೇಜು ಅದಕ್ಕಿಂತ ಕಡಿಮೆ ನ್ಯಾಯವುಳ್ಳದ್ದಾಗಬಹುದೇ?

ಹೀಗೆ ಯೋಚಿಸಿ, ಸಭೆಯ ಹಿರಿಯರ ಮತ್ತು ತಾಯಂದಿರ ಸಂಗಡ ಕೂತು ನಾವು ಕೆಲವು ನಿಯಮಗಳನ್ನು ಮಾಡಿಕೊಂಡೆವು. ಉಡುಗೊರೆಯು ತಿನಿಸಾಗಿರಬಾರದು, ತಿನಿಸು ಸಭೆಯ ಊಟದಲ್ಲಿ ಎಲ್ಲರಿಗೂ ಒಂದೇ ಪಾತ್ರೆಯಿಂದ ಬರಲಿ. ಉಡುಗೊರೆಯನ್ನು ಹಣ ಕೊಟ್ಟು ತರಬಾರದು, ಮಗುವು ಮನೆಯವರ ಸಹಾಯದಿಂದ ಕೈಯಾರೆ ಮಾಡಬೇಕು. ಎಲ್ಲವನ್ನೂ ಒಂದೇ ತರದ ಕಾಗದದಲ್ಲಿ ಕಟ್ಟಬೇಕು. ಕಾಗದವನ್ನು ಸಭೆಯಿಂದ ಕೊಡುವದು. ಮಾಡುವದಕ್ಕೆ ಸಮಯವಿಲ್ಲದವರಿಗೂ ಮನೆಯಲ್ಲಿ ದೊಡ್ಡವರಿಲ್ಲದವರಿಗೂ ಎರಡು ಶನಿವಾರ ಮಧ್ಯಾಹ್ನ ದೇವಾಲಯದ ಜಗಲಿಯ ಮೇಲೆ ಕೂಡಿ ಮಾಡುವದಕ್ಕೆ ಅನುಕೂಲ ಮಾಡುವದು. ಗೋಕಾಕದ ಮರದ ಹಣ್ಣುಗಳನ್ನು ಕೊಳ್ಳುವದಾದರೆ ಸಭೆಯೇ ಒಟ್ಟಾಗಿ ಕೊಂಡು ಆದಿತ್ಯವಾರದ ಶಾಲೆಯ ಪೆಟ್ಟಿಗೆಯಲ್ಲಿ ಇಡುವದು. ಅವು ಯಾರೊಬ್ಬರವೂ ಅಲ್ಲ, ಎಲ್ಲರವು.

ಏನು ಮಾಡಬಹುದೆಂದು ಕೇಳುವವರಿಗೆ ನಮ್ಮ ಹಳ್ಳಿಯೇ ಉತ್ತರ ಕೊಡುತ್ತದೆ. ಕಣಿಕೆಯ ಬೆಂಡಿಗೆ ಸಿಬಿರು ಚುಚ್ಚಿ ಚಕ್ಕಡಿ ಮಾಡಬಹುದು. ಚಿಂದಿಯನ್ನು ಸುತ್ತಿ ಚೆಂಡು ಹೊಲಿಯಬಹುದು. ಬಟ್ಟೆಯ ಗೊಂಬೆ ಮಾಡಬಹುದು. ಹುಣಸೆ ಬೀಜಗಳನ್ನು ಒಂದು ಕಡೆ ತಿಕ್ಕಿ, ಬಟ್ಟೆಯ ಮೇಲೆ ಮನೆಗಳನ್ನು ಬರೆದು ಚೌಕಾಬಾರದ ಆಟವನ್ನು ಸಿದ್ಧಮಾಡಬಹುದು. ಗಾಳಿಪಟ, ಕಾಗದದ ತಿರುಗಣಿ, ಸತ್ಯವೇದದ ಕಥೆಯ ಚಿತ್ರ, ಇವೆಲ್ಲಾ ಆಗುತ್ತವೆ. ಎಚ್ಚರಿಕೆಯ ಮಾತೂ ಒಂದೆರಡು ಉಂಟು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳ ಕೈಗೆ ಬೀಜ, ಮಣಿ, ಗುಂಡಿ, ಗೋಲಿಗಳನ್ನು ಕೊಡಬಾರದು. ಅವು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಗುಂಡಿಯಂಥ ಚಿಕ್ಕ ಬ್ಯಾಟರಿಯನ್ನು ನುಂಗಿದರೆ ಕೆಲವೇ ತಾಸುಗಳಲ್ಲಿ ಅನ್ನನಾಳವು ಸುಟ್ಟು ಪ್ರಾಣಕ್ಕೆ ಅಪಾಯವಾಗುವದು. ಬಣ್ಣ ಹಚ್ಚುವದಾದರೆ ಗೋಡೆಗೆ ಬಳಿಯುವ ಹಳೆಯ ಬಣ್ಣಗಳು ಬೇಡ. ಅವುಗಳಲ್ಲಿ ಸೀಸವಿರಬಹುದು, ಮಕ್ಕಳು ಬಾಯಿಗೆ ಹಾಕದ ವಸ್ತುವಿಲ್ಲ. ಅಂಗಡಿಯಿಂದ ಕೊಳ್ಳುವಲ್ಲಿ 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಗೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆಯೆಂಬದನ್ನು ನೆನಪಿಡಿರಿ. ಸರಕಾರದಲ್ಲಿ ಹೆಸರು ದಾಖಲಾದ ಕೈಕೆಲಸದವರಿಗೆ ಇದರಿಂದ ವಿನಾಯಿತಿ ಉಂಟು.

ಎಲ್ಲರೂ ಈ ಏರ್ಪಾಡನ್ನು ಕೂಡಲೇ ಒಪ್ಪಿದರೆಂದು ಹೇಳಿದರೆ ಸುಳ್ಳಾದೀತು. ಒಬ್ಬ ತಂದೆಯು, "ನನ್ನ ಮಗನಿಗೆ ಒಳ್ಳೆಯದನ್ನು ಕೊಡಿಸುವ ಶಕ್ತಿ ದೇವರು ನನಗೆ ಕೊಟ್ಟಿದ್ದಾನೆ, ಅವನು ಚಿಂದಿಯ ಚೆಂಡನ್ನು ಯಾಕೆ ತರಬೇಕು?" ಎಂದು ಕೇಳಿದನು. ಆ ಪ್ರಶ್ನೆ ನ್ಯಾಯವಾದದ್ದೇ. ನಾನು, "ನಿಮ್ಮ ಶಕ್ತಿಗೆ ಸಭೆಯಲ್ಲಿ ಬೇಕಾದಷ್ಟು ಕೆಲಸವಿದೆ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಅದನ್ನು ಮಾಡಬಹುದು. ಆದರೆ ಮಗನಿಗೆ ಒಂದು ದಿನವಾದರೂ ತನ್ನದೇ ಆದದ್ದನ್ನು ಕೊಡುವ ಅವಕಾಶ ಬೇಡವೇ? ಡಬ್ಬಿಯಲ್ಲಿದ್ದದ್ದು ನಿಮ್ಮದಾಗಿತ್ತು, ಅವನದಲ್ಲ," ಅಂದೆನು. ಆ ಮಾತನ್ನು ನನಗೆ ಯಾರು ಕಲಿಸಿದರೆಂಬದನ್ನು ಮಾತ್ರ ಹೇಳಲಿಲ್ಲ. ಆತನು ಒಪ್ಪಿದನೋ ಇಲ್ಲವೋ ತಿಳಿಯದು. ಮಗನನ್ನು ಶನಿವಾರ ಜಗಲಿಗೆ ಕಳುಹಿಸಿದನು.

ಹೋದ ಕ್ರಿಸ್‌ಮಸ್ ದಿನ ಆ ಹುಡುಗಿ ಬಂದಳು. ಅಜ್ಜಿಯಿಂದ ಕಲಿತು ಬೆಂಡಿನ ಚಕ್ಕಡಿಯೊಂದನ್ನು ಮಾಡಿದ್ದಳು. ಗಾಲಿ ತಿರುಗುತ್ತಿದ್ದವು, ನೊಗಕ್ಕೆ ಎರಡು ಎತ್ತುಗಳೂ ಇದ್ದವು. ಚೀಟಿಯ ಪ್ರಕಾರ ಅದು ಒಬ್ಬ ಚಿಕ್ಕ ಹುಡುಗನಿಗೆ ಹೋಯಿತು. ಅವನು ಅದನ್ನು ಮಧ್ಯಾಹ್ನದೊಳಗೆ ಮುರಿದನು. ನನಗೆ ಮನಸ್ಸಿನಲ್ಲಿ ಕಳವಳವಾಯಿತು. ಆದರೆ ಹುಡುಗಿಯು ಮುರಿದದ್ದನ್ನು ಅವನ ಕೈಯಿಂದ ತೆಗೆದುಕೊಂಡು, ಜಗಲಿಯ ಮೇಲೆ ಕೂತು, ಸಿಬಿರನ್ನು ಹೀಗೆ ಚುಚ್ಚಬೇಕೆಂದು ತೋರಿಸಿಕೊಡುತ್ತಿದ್ದಳು. ಇನ್ನೂ ಮೂರು ನಾಲ್ಕು ಮಕ್ಕಳು ಸುತ್ತಲೂ ಕೂತು ನೋಡುತ್ತಿದ್ದರು. ಅವಳಿಗೆ ಬಂದದ್ದು ಒಂದು ಚಿಂದಿಯ ಚೆಂಡು. ಅದನ್ನು ಮಾಡಿದವನು ಡಬ್ಬಿಯ ಮನೆಯ ಮಗನೇ ಆಗಿದ್ದನು. ಹೊಲಿಗೆ ಬಹಳ ಒರಟಾಗಿತ್ತು.

ಪ್ರಿಯರೇ, ನಾವು ಆಚರಿಸುವ ಹಬ್ಬದ ಮೂಲವೇ ಒಂದು ಉಡುಗೊರೆಯಲ್ಲವೇ? ಐಶ್ವರ್ಯವಂತನಾದ ಕರ್ತನು ನಮಗೋಸ್ಕರ ಬಡವನಾಗಿ ಬಂದನು. ಅರಮನೆಯ ತೊಟ್ಟಿಲಲ್ಲಿ ಅಲ್ಲ, ಕುರುಬರು ಅಂಜದೆ ಒಳಗೆ ಬರಬಹುದಾದ ಗೋದಲಿಯಲ್ಲಿ ಮಲಗಿದನು. ಜ್ಞಾನಿಗಳು ಬಂಗಾರವನ್ನು ತಂದರು. ಕುರುಬರು ಏನು ತಂದರೆಂದು ಲೂಕನು ಬರೆದಿಲ್ಲ, ಬರೀ ಕೈಯವರೆಂದು ಯಾರೂ ಅವರನ್ನು ಹೊರಗೆ ನಿಲ್ಲಿಸಲೂ ಇಲ್ಲ. ಈ ವರುಷ ನಿಮ್ಮ ಸಭೆಯ ಮಕ್ಕಳ ಮುಂದೆ ಮೇಜನ್ನು ಇಡುವಾಗ ಮೊದಲು ಮಕ್ಕಳನ್ನು ಎಣಿಸಿರಿ. ಒಬ್ಬರು ಕಡಿಮೆಯಾಗಿದ್ದರೆ ಹಾಡನ್ನು ನಿಲ್ಲಿಸಿ, ಆ ಮನೆಯ ಬಾಗಿಲಿಗೆ ಹೋಗಿ ಬನ್ನಿರಿ. ನಾನು ಮರುದಿನ ಹೋದೆನು. ನೀವು ಅದೇ ದಿನ ಹೋಗಿರಿ.